ಎಸೆತಕ್ಕೂ ಒಂದು ಲೆಕ್ಕ ಬೇಕು

ವೇಗದ ಬೌಲರ್ ಒಬ್ಬನ ವೃತ್ತಿಯನ್ನು ನಾವು ವಿಕೆಟ್‌ಗಳಲ್ಲಿ ಅಳೆಯುತ್ತೇವೆ. ಅವನ ಬೆನ್ನು ಮತ್ತು ಭುಜ ಅದನ್ನು ಅಳೆಯುವುದು ಎಸೆತಗಳಲ್ಲಿ. ವಿಕೆಟ್ ಲೆಕ್ಕ ಊರಿಗೆಲ್ಲ ಗೊತ್ತು, ಎಸೆತದ ಲೆಕ್ಕ ಇಡುವವರು ಕಡಿಮೆ. ಗುಜರಾತಿಗೆ ಕೆಲಸಕ್ಕೆ ಬಂದ ಮೇಲೆ ಈ ಅಂತರ ನನ್ನನ್ನು ಹೆಚ್ಚು ಕಾಡತೊಡಗಿದೆ. ಅಹಮದಾಬಾದ್‌ನಿಂದ ವಡೋದರಾ, ಭರೂಚ್ ದಾಟಿ ಸೂರತ್ ಸೇರುವ ಈ ರೈಲು ಹಾದಿಯುದ್ದಕ್ಕೂ ಭಾರತದ ವೇಗದ ಬೌಲಿಂಗ್ ಚರಿತ್ರೆಯ ಒಂದು ದೊಡ್ಡ ಅಧ್ಯಾಯವೇ ಹರಡಿಕೊಂಡಿದೆ.

ವಡೋದರಾದ ಇರ್ಫಾನ್ ಪಠಾಣ್ ಅವರನ್ನೇ ನೋಡಿ. 2003ರ ಡಿಸೆಂಬರ್‌ನಲ್ಲಿ ಅಡಿಲೇಡ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ ಅವರಿಗೆ 19 ವರ್ಷ. 2006ರ ಜನವರಿಯಲ್ಲಿ ಕರಾಚಿಯಲ್ಲಿ ಪಂದ್ಯದ ಮೊದಲ ಓವರ್‌ನಲ್ಲೇ ಹ್ಯಾಟ್ರಿಕ್ ಪಡೆದರು. ಕೊನೆಯ ಟೆಸ್ಟ್ ಆಡಿದ್ದು 2008ರ ಏಪ್ರಿಲ್‌ನಲ್ಲಿ, ಅಹಮದಾಬಾದ್‌ನಲ್ಲಿ. ಆಗ ವಯಸ್ಸು ಬರೀ 23. ಭರೂಚ್ ಜಿಲ್ಲೆಯ ಇಖಾರ್ ಹಳ್ಳಿಯ ಮುನಾಫ್ ಪಟೇಲ್ ಗಂಟೆಗೆ 140 ಕಿ.ಮೀ. ದಾಟುವ ವೇಗದೊಂದಿಗೆ ತಂಡಕ್ಕೆ ಬಂದವರು. ಗಾಯಗಳ ನಂತರ ವೇಗ ಇಳಿಸಿಕೊಂಡು, ನಿಖರತೆಯನ್ನೇ ನೆಚ್ಚಿ 2011ರ ವಿಶ್ವಕಪ್ ಗೆದ್ದ ತಂಡದಲ್ಲಿ 11 ವಿಕೆಟ್ ಪಡೆದರು. ಟೆಸ್ಟ್ ಪಂದ್ಯಗಳು ಮಾತ್ರ ಹದಿಮೂರಕ್ಕೇ ನಿಂತವು. ಇಬ್ಬರ ವಿಷಯದಲ್ಲೂ ಆಯ್ಕೆ, ಫಾರ್ಮ್, ಪೈಪೋಟಿ ಎಲ್ಲವೂ ಸೇರಿತ್ತು, ಒಪ್ಪೋಣ. ಆದರೆ ಇಬ್ಬರ ಕಥೆಯಲ್ಲೂ ಗಾಯ ಎಂಬ ಪದ ಮತ್ತೆ ಮತ್ತೆ ಬರುತ್ತದೆ.

ಕನ್ನಡಿಗರಾದ ನಮಗೆ ಅಹಮದಾಬಾದ್‌ನ ಮೊಟೇರಾ ಮೈದಾನ ಎಂದರೆ ನೆನಪಾಗುವುದು 1996ರ ನವೆಂಬರ್. ಗೆಲುವಿಗೆ 170 ರನ್ ಬೇಕಿದ್ದ ದಕ್ಷಿಣ ಆಫ್ರಿಕಾವನ್ನು ಮೈಸೂರಿನ ಜಾವಗಲ್ ಶ್ರೀನಾಥ್ 21 ರನ್‌ಗೆ 6 ವಿಕೆಟ್ ಕಿತ್ತು 105ಕ್ಕೆ ಮುಗಿಸಿದರು. ವೇಗಿಗಳಿಗೆ ಏನೂ ಸಿಗದ ಪಿಚ್ ಎಂದು ಬೈಸಿಕೊಳ್ಳುವ ನೆಲದಲ್ಲಿ ಅದೊಂದು ಪವಾಡವೇ ಸರಿ. ಆ ಪಂದ್ಯದ ಕೆಲವೇ ತಿಂಗಳ ನಂತರ, 1997ರಲ್ಲಿ, ಭುಜದ ಗಾಯದಿಂದ ಅವರಿಗೆ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು. ಶಸ್ತ್ರಚಿಕಿತ್ಸೆಯೂ ಬೇಕಾಯಿತು. ಶ್ರೀನಾಥ್ ಮರಳಿ ಬಂದರು, 67 ಟೆಸ್ಟ್‌ಗಳಲ್ಲಿ 236 ವಿಕೆಟ್ ಗಳಿಸಿ ನಿಲ್ಲಿಸಿದರು. ಅವರೂ ಎಂಜಿನಿಯರಿಂಗ್ ಓದಿದವರು ಎಂಬ ಹೆಮ್ಮೆ ನನ್ನಂಥವರಿಗೆ ಬೇರೆ!

ಎಂಜಿನಿಯರ್ ಆಗಿ ನೋಡಿದರೆ ವಿಷಯ ಸರಳ. ಓಡಿ ಬಂದ ಬೌಲರ್ ಮುಂಗಾಲನ್ನು ಕ್ರೀಸ್‌ಗೆ ಬಡಿದಾಗ ದೇಹತೂಕದ ಹಲವು ಪಟ್ಟು ಹೊರೆ ಒಂದೇ ಕ್ಷಣದಲ್ಲಿ ಕಾಲಿನಿಂದ ಬೆನ್ನಿಗೆ ಏರುತ್ತದೆ. ಅದೇ ಹೊತ್ತಿಗೆ ಸೊಂಟ ತಿರುಚಿ ಬಾಗುತ್ತದೆ. ಒಂದು ಎಸೆತದಿಂದ ಏನೂ ಆಗದು. ಸಾವಿರ ಸಲ ಬಗ್ಗಿಸಿದ ತಂತಿಯ ಹಾಗೆ, ಮೂಳೆಯಲ್ಲೂ ಕೂದಲೆಳೆಯಂಥ ಬಿರುಕು ಮೂಡಬಹುದು. ತಂತಿಗೂ ಮೂಳೆಗೂ ಒಂದೇ ವ್ಯತ್ಯಾಸ, ಮೂಳೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಬಿಡುವು. ಬೆಳೆಯುವ ಮಕ್ಕಳ ಬೆನ್ನುಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ, ಅವರಿಗೆ ಬಿಡುವು ಇನ್ನಷ್ಟು ಬೇಕು.

ಎಸೆಯುವುದನ್ನೇ ವೃತ್ತಿ ಮಾಡಿಕೊಂಡ ಇನ್ನೊಬ್ಬ ಆಟಗಾರ ಬೇಸ್‌ಬಾಲ್‌ನ ಪಿಚರ್. ನಮ್ಮಲ್ಲಿ ಆ ಆಟದ ಗಂಧ ಕಡಿಮೆ. ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಜಾವೆಲಿನ್ ಹುಡುಗರು 2008ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದಾಗ ಅಷ್ಟಿಷ್ಟು ಸುದ್ದಿಯಾಗಿತ್ತು. ಆದರೆ ಅಮೆರಿಕ ಒಂದು ಪಾಠವನ್ನು ನಮಗಿಂತ ಮೊದಲೇ ಕಲಿತಿದೆ. 1974ರಲ್ಲಿ ಟಾಮಿ ಜಾನ್ ಎಂಬ ಪಿಚರ್‌ನ ಮೊಣಕೈ ಸ್ನಾಯುಬಂಧ ಹರಿಯಿತು. ಆಗಿನ ಕಾಲಕ್ಕೆ ಅದು ವೃತ್ತಿಯ ಅಂತ್ಯ. ಡಾ. ಫ್ರಾಂಕ್ ಜೋಬ್ ಇನ್ನೊಂದು ಕೈಯಿಂದ ತಂತು ತೆಗೆದು ಜೋಡಿಸಿದರು. ಜಾನ್ ಮತ್ತೆ ಬಂದು 1989ರವರೆಗೆ ಆಡಿದರು, ಗೆದ್ದ 288 ಪಂದ್ಯಗಳಲ್ಲಿ 164 ಆ ಶಸ್ತ್ರಚಿಕಿತ್ಸೆಯ ನಂತರದವು.

ಶಸ್ತ್ರಚಿಕಿತ್ಸೆಗಿಂತ ದೊಡ್ಡ ಪಾಠ ಎಣಿಕೆಯದು. ಅಲ್ಲಿ ಟಿವಿ ಪರದೆಯ ಮೇಲೆ ಸ್ಕೋರ್ ಪಕ್ಕದಲ್ಲೇ ಪಿಚರ್ ಎಷ್ಟು ಎಸೆದ ಎಂಬ ಅಂಕಿಯೂ ಇರುತ್ತದೆ. ನೂರರ ಆಸುಪಾಸು ಬಂತೆಂದರೆ ಕೋಚ್ ಎದ್ದು ನಿಲ್ಲುತ್ತಾನೆ. ಮುಖ್ಯ ಪಿಚರ್‌ಗೆ ಮುಂದಿನ ಪಂದ್ಯದವರೆಗೆ ನಾಲ್ಕೈದು ದಿನ ಬಿಡುವು. ಮಕ್ಕಳ ಲಿಟಲ್ ಲೀಗ್ 2007ರಿಂದ ಎಸೆತದ ಮಿತಿಯನ್ನು ನಿಯಮವನ್ನಾಗಿಯೇ ಮಾಡಿದೆ. 11-12 ವರ್ಷದವರಿಗೆ ದಿನಕ್ಕೆ 85, ಎಸೆದಷ್ಟಕ್ಕೆ ತಕ್ಕಂತೆ ಕಡ್ಡಾಯ ವಿಶ್ರಾಂತಿ. ಇಂಗ್ಲೆಂಡ್ ಕ್ರಿಕೆಟ್ ಮಂಡಳಿಯೂ ಕಿರಿಯ ವೇಗಿಗಳಿಗೆ ವಯಸ್ಸಿಗೆ ತಕ್ಕಂತೆ ಓವರ್ ಮಿತಿ ಹಾಕಿದೆ.

ಈಗ ನಮ್ಮ ಮಕ್ಕಳ ವಿಷಯಕ್ಕೆ ಬರೋಣ. ಸೂರತ್‌ನಲ್ಲಿ ನನಗೆ ಪರಿಚಯದ ದಾವಣಗೆರೆ ಕಡೆಯ ಒಂದು ಕುಟುಂಬವಿದೆ. ಮಗನಿಗೆ ಹದಿನಾಲ್ಕು, ವೇಗದ ಬೌಲಿಂಗ್ ಹುಚ್ಚು. 'ಬೆನ್ನು ನೋವು ಅಂತಾನೆ, ಬೆಳೆಯೋ ವಯಸ್ಸು ಅಲ್ವಾ ಬಿಡಿ' ಎಂದರು ತಾಯಿ. ನಾನು ಹುಡುಗನ ಜೊತೆ ಕೂತು ವಾರದ ಲೆಕ್ಕ ಬರೆದೆ. ಶಾಲೆಯಲ್ಲಿ ಎರಡು ದಿನ, ತಲಾ 6 ಓವರ್. ಅಕಾಡೆಮಿಯಲ್ಲಿ ಮೂರು ದಿನ, ತಲಾ 8 ಓವರ್. ಭಾನುವಾರ ಸೊಸೈಟಿ ಹುಡುಗರ ಜೊತೆ ಟೆನಿಸ್ ಬಾಲ್ ಪಂದ್ಯಗಳಲ್ಲಿ 8 ಓವರ್. ಒಟ್ಟು 44 ಓವರ್, 264 ಎಸೆತ. ಶಾಲೆಯ ಕೋಚ್ ತಪ್ಪು ಮಾಡುತ್ತಿಲ್ಲ, ಅಕಾಡೆಮಿಯವರೂ ಮಾಡುತ್ತಿಲ್ಲ. ಒಬ್ಬೊಬ್ಬರ ಪಾಲು ನೋಡಿದರೆ ಸರಿಯಾಗಿಯೇ ಇದೆ. ಕೂಡಿಸಿದವರು ಮಾತ್ರ ಯಾರೂ ಇರಲಿಲ್ಲ. ಆಮೇಲೆ ತಂದೆ ಮಗನನ್ನು ಮೂಳೆ ವೈದ್ಯರ ಬಳಿ ಕರೆದುಕೊಂಡು ಹೋದರು. ಅದೃಷ್ಟಕ್ಕೆ ಬಿರುಕು ಇರಲಿಲ್ಲ, ಆರು ವಾರ ಬೌಲಿಂಗ್ ಬೇಡ ಎಂದಷ್ಟೇ ಹೇಳಿದರಂತೆ. ಹುಡುಗ ಎರಡು ದಿನ ನನ್ನ ಫೋನ್ ಎತ್ತಲಿಲ್ಲ!

ಹೋಲಿಕೆಗೆ ಅಹಮದಾಬಾದ್‌ನಲ್ಲೇ ಹುಟ್ಟಿ ಬೆಳೆದ ಜಸ್‌ಪ್ರೀತ್ ಬುಮ್ರಾ ಅವರನ್ನು ತೆಗೆದುಕೊಳ್ಳಿ. 2024-25ರ ಆಸ್ಟ್ರೇಲಿಯಾ ಪ್ರವಾಸದ ಐದು ಟೆಸ್ಟ್‌ಗಳಲ್ಲಿ ಅವರು ಎಸೆದದ್ದು 151.2 ಓವರ್, ಅಂದರೆ 908 ಎಸೆತ. 32 ವಿಕೆಟ್ ಬಂದವು, ಕೊನೆಗೆ ಸಿಡ್ನಿಯ ಎರಡನೇ ಇನಿಂಗ್ಸ್‌ನಲ್ಲಿ ಬೆನ್ನು ಬೌಲಿಂಗ್ ಮಾಡಲು ಬಿಡಲಿಲ್ಲ. ನಮ್ಮ ಸೂರತ್ ಹುಡುಗ ಅಷ್ಟು ಎಸೆತಗಳನ್ನು ನಾಲ್ಕನೇ ವಾರದಲ್ಲೇ ಮುಟ್ಟುತ್ತಾನೆ. ಬುಮ್ರಾ ನೆಟ್ಸ್‌ನಲ್ಲಿ ಎಸೆದದ್ದು ಇದರಲ್ಲಿ ಸೇರಿಲ್ಲ, ಹುಡುಗನ ವೇಗವೂ ಅಷ್ಟಿಲ್ಲ, ನಿಜ. ಆದರೆ ಬುಮ್ರಾ ಬೆನ್ನ ಹಿಂದೆ ಫಿಸಿಯೋ, ತರಬೇತುದಾರರು, ಸ್ಕ್ಯಾನಿಂಗ್ ಎಲ್ಲ ಇದೆ. ಹುಡುಗನ ಹಿಂದೆ ಇರುವುದು ಅವನ ಉತ್ಸಾಹ ಒಂದೇ.

ಬುಮ್ರಾ 2023ರಲ್ಲಿ ನ್ಯೂಜಿಲೆಂಡ್‌ನಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಚೇತರಿಸಿಕೊಂಡು ಮರಳಿದವರು. ಮರುವರ್ಷವೇ ಟಿ20 ವಿಶ್ವಕಪ್‌ನ ಸರಣಿಶ್ರೇಷ್ಠರಾದರು. 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಐದರಲ್ಲಿ ಮೂರು ಟೆಸ್ಟ್ ಮಾತ್ರ ಎಂದು ಮೊದಲೇ ತೀರ್ಮಾನವಾದಾಗ ನಮ್ಮ ಆಫೀಸಿನ ಚಹಾ ಟೇಬಲ್ಲಿನಲ್ಲೂ ಗೊಣಗಾಟ ಕೇಳಿದೆ. 'ದೇಶಕ್ಕಾಗಿ ಆಡುವಾಗ ರೆಸ್ಟ್ ಏನು' ಎಂಬುದು ಅದರ ಸಾರ. ನನಗನ್ನಿಸುವುದು ಇಷ್ಟು: ಆ ಎರಡು ಪಂದ್ಯಗಳ ಬಿಡುವು ವೃತ್ತಿಯಿಂದ ಕಳೆದದ್ದಲ್ಲ, ವೃತ್ತಿಗೆ ಕೂಡಿದ್ದು.

'ಕಪಿಲ್ ದೇವ್ 131 ಟೆಸ್ಟ್ ಆಡಲಿಲ್ಲವೇ, ಆಗ ಯಾರು ಎಣಿಸುತ್ತಿದ್ದರು?' ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಆದರೆ ಗಟ್ಟಿ ಮೈಯ ಕಪಿಲ್ ಒಬ್ಬರು ನಮ್ಮ ಕಣ್ಣಿಗೆ ಕಾಣುತ್ತಾರೆ. ಹದಿನಾರಕ್ಕೇ ಬೆನ್ನು ಹಿಡಿದುಕೊಂಡು ಮನೆಗೆ ಮರಳಿದವರ ಹೆಸರು ಯಾವ ಸ್ಕೋರ್‌ಬೋರ್ಡಿಗೂ ಬಂದಿಲ್ಲ. ಉಳಿದವರನ್ನು ಮಾತ್ರ ನೋಡಿ ನಿಯಮ ಮಾಡಲಾಗದು.

ಊರು ಬಿಟ್ಟು ಬಂದ ನಮ್ಮಂಥವರ ಮಕ್ಕಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಹೊಸ ಊರಿನಲ್ಲಿ ಗೆಳೆಯರು ಸಿಗುವುದೇ ಮೈದಾನದಲ್ಲಿ, ಹಾಗಾಗಿ ಕರೆದಲ್ಲೆಲ್ಲ ಹೋಗುತ್ತಾರೆ. ವರ್ಗಾವಣೆಯಾದರೆ ಕೋಚ್ ಬದಲಾಗುತ್ತಾನೆ, ಹಳೆಯ ನೋವಿನ ಕಥೆ ಹಳೆಯ ಊರಿನಲ್ಲೇ ಉಳಿಯುತ್ತದೆ. ಆದ್ದರಿಂದ ಲೆಕ್ಕದ ಪುಸ್ತಕ ಮನೆಯಲ್ಲಿರಬೇಕು. ನೂರು ಪುಟದ ಒಂದು ನೋಟ್‌ಬುಕ್ ಸಾಕು. ದಿನಾಂಕ, ಎಲ್ಲಿ, ಎಷ್ಟು ಎಸೆತ, ನೋವಿತ್ತೇ ಎಂಬ ನಾಲ್ಕೇ ಕಾಲಂ. ರಜೆಯಲ್ಲಿ ಆಟ ನಿಂತು, ಮತ್ತೆ ಶುರುವಾದ ವಾರದಲ್ಲಿ ಲೆಕ್ಕ ದಿಢೀರನೆ ಏರಿದರೆ ಎಚ್ಚರವಿರಲಿ. ಎರಡು ವಾರ ಬಿಡದ ಬೆನ್ನು ನೋವನ್ನು ಬೆಳೆಯುವ ವಯಸ್ಸಿನ ತಲೆಗೆ ಕಟ್ಟಬೇಡಿ. ತಿಂಗಳಿಗೊಮ್ಮೆ ಆ ಪುಸ್ತಕವನ್ನು ಎಲ್ಲ ಕೋಚ್‌ಗಳಿಗೂ ತೋರಿಸಿ. ಜಿಲ್ಲಾ, ರಾಜ್ಯ ಸಂಸ್ಥೆಗಳು ಕಿರಿಯರ ಪಂದ್ಯಗಳಲ್ಲಿ ಇಂಥ ಪುಸ್ತಕ ಕೇಳಿದರೆ ಇನ್ನೂ ಒಳ್ಳೆಯದು. ಅಲ್ಲಿಯವರೆಗೆ ಆ ಕೆಲಸ ಅಪ್ಪ ಅಮ್ಮಂದಿರದು. ಮಗನೋ ಮಗಳೋ ಎಷ್ಟು ವಿಕೆಟ್ ತೆಗೆದರು ಎಂದು ಕೇಳುವ ಮೊದಲು, ಇವತ್ತು ಎಷ್ಟು ಎಸೆದೆ ಎಂದು ಕೇಳೋಣ.