ಬೆಳಕು ತಡೆಯುವ ಪರದೆ, ಬೆಳಕು ಸೂಸುವ ಪರದೆ

"ಓದೋಕೆ ಕೂತ್ರೆ ತಲೆನೋವು, ರೀಲ್ಸ್ ನೋಡೋಕೆ ಕೂತ್ರೆ ಏನೂ ಇಲ್ಲ. ಇದ್ಯಾವ ಸೀಮೆ ಕಾಯಿಲೆ ಮೇಷ್ಟ್ರೇ?"

ನಮ್ಮ ಬೀದಿಯ ಕೊನೆಯಲ್ಲಿ ಟೈಲರ್ ಅಂಗಡಿ ಇಟ್ಟಿರುವ ಪರಿಚಿತರು ಕಳೆದ ತಿಂಗಳು ಮಗಳನ್ನು ಕರೆದುಕೊಂಡು ಮನೆಗೆ ಬಂದು ಕೇಳಿದ ಪ್ರಶ್ನೆ ಇದು. ಹುಡುಗಿ ಹತ್ತನೇ ತರಗತಿಯವರೆಗೆ ನನ್ನ ವಿದ್ಯಾರ್ಥಿನಿ. ಈಗ ಎರಡನೇ ಪಿಯುಸಿ. ಕಾಲೇಜಿನ ನೋಟ್ಸ್ ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಅದನ್ನು ಓದಲೆಂದು ಬೆಂಗಳೂರಿನ ಚಿಕ್ಕಪ್ಪ ತಾವು ಬಳಸುತ್ತಿದ್ದ ಬೆಲೆಬಾಳುವ ಅಮೋಲೆಡ್ ಪರದೆಯ ಫೋನನ್ನೇ ಕೊಟ್ಟಿದ್ದಾರೆ. ಕಣ್ಣಿನ ಡಾಕ್ಟರು ಪರೀಕ್ಷಿಸಿ, ದೃಷ್ಟಿದೋಷ ಏನೂ ಇಲ್ಲ ಎಂದಿದ್ದಾರೆ. ಅಂದಮೇಲೆ ಇದು ಓದು ತಪ್ಪಿಸಿಕೊಳ್ಳುವ ನೆಪ ಎಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದರು. ನನಗೂ ಹಾಗೇ ಅನ್ನಿಸಿ ಒಂದು ಮಾತು ಗದರಿಯೂ ಬಿಟ್ಟೆ. ಹುಡುಗಿ ತಲೆ ತಗ್ಗಿಸಿ ಕೂತಳು.

ಆಮೇಲೆ ಕೇಳಿದೆ: "ಓದೋದು ಯಾವಾಗಮ್ಮ?"

"ರಾತ್ರಿ ಸಾರ್. ತಮ್ಮ ಅಲ್ಲೇ ಮಲಗಿರ್ತಾನೆ. ಲೈಟ್ ಆರಿಸಿ, ಫೋನಿನ ಬೆಳಕು ಪೂರ್ತಿ ಕಮ್ಮಿ ಮಾಡ್ಕೊಂಡು ಓದ್ತೀನಿ."

"ರೀಲ್ಸು?"

"ಅದು ಸಂಜೆ ಸಾರ್, ಜಗಲಿ ಮೇಲೆ" ಎಂದಳು, ಅಪ್ಪನ ಮುಖ ನೋಡುತ್ತ.

ಗುಟ್ಟು ಈ ಉತ್ತರದಲ್ಲೇ ಇತ್ತು. ಅದನ್ನು ಬಿಡಿಸಬೇಕಾದರೆ ಫೋನಿನ ಪರದೆಗಳು ಕೆಲಸ ಮಾಡುವ ಎರಡು ಬಗೆಗಳನ್ನು ಮೊದಲು ತಿಳಿಯಬೇಕು.

ಹಿಂದೆ ದೀಪ, ಮುಂದೆ ಬಾಗಿಲು

ಮೊದಲನೆಯದು ಎಲ್‌ಸಿಡಿ, ಅಂದರೆ ದ್ರವಸ್ಫಟಿಕದ ಪರದೆ. 1888ರಲ್ಲಿ ಪ್ರಾಗ್ ನಗರದಲ್ಲಿದ್ದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರ್ ಒಂದು ವಿಚಿತ್ರವನ್ನು ಗಮನಿಸಿದರು. ಅವರ ಬಳಿಯಿದ್ದ ಒಂದು ಕೊಲೆಸ್ಟರಾಲ್ ಸಂಯುಕ್ತ ಎರಡು ಸಲ 'ಕರಗುತ್ತಿತ್ತು'. ಸುಮಾರು 145 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಬ್ಬಾದ ದ್ರವವಾಗುತ್ತಿತ್ತು. ಸುಮಾರು 178 ಡಿಗ್ರಿಯಲ್ಲಿ ಆ ಮಬ್ಬು ಹೋಗಿ ತಿಳಿಯಾಗುತ್ತಿತ್ತು. ನಡುವಿನ ಆ ಮಬ್ಬು ಸ್ಥಿತಿಯೇ ದ್ರವಸ್ಫಟಿಕ. ನೀರಿನಂತೆ ಹರಿಯುತ್ತದೆ, ಆದರೆ ಅಣುಗಳು ಹರಳಿನಲ್ಲಿರುವಂತೆ ಒಂದು ಶಿಸ್ತಿನಲ್ಲಿ ನಿಂತಿರುತ್ತವೆ. ವಿದ್ಯುತ್ ಒತ್ತಡ ಕೊಟ್ಟರೆ ಈ ಅಣುಗಳು ತಿರುಗಿ ನಿಲ್ಲುತ್ತವೆ. ಎಲ್‌ಸಿಡಿ ನಿಂತಿರುವುದು ಈ ಒಂದು ಗುಣದ ಮೇಲೆ.

ಪರದೆಯ ಹಿಂಭಾಗದಲ್ಲಿ ಒಂದು ಬಿಳಿ ದೀಪ ಸದಾ ಉರಿಯುತ್ತಿರುತ್ತದೆ. ಅದರ ಮುಂದೆ ಎರಡು ಪೋಲರಾಯ್ಡ್ ಹಾಳೆಗಳು, ನಡುವೆ ದ್ರವಸ್ಫಟಿಕದ ತೆಳು ಪದರ. ಅಣುಗಳು ತಿರುಗಿದ ಹಾಗೆ ಬೆಳಕು ಎರಡನೇ ಹಾಳೆಯನ್ನು ದಾಟುತ್ತದೆ, ಇಲ್ಲವೇ ಅಲ್ಲೇ ತಡೆಯಲ್ಪಡುತ್ತದೆ. ದಾಟುವ ಬೆಳಕಿಗೆ ಕೆಂಪು, ಹಸಿರು, ನೀಲಿ ಸೋಸುಹಾಳೆಗಳು ಬಣ್ಣ ಕೊಡುತ್ತವೆ. ಅಂದರೆ ಇಲ್ಲಿ ಪ್ರತಿ ಚುಕ್ಕಿಯೂ ಒಂದು ಬಾಗಿಲು. ಬಾಗಿಲು ಬೆಳಕನ್ನು ಹುಟ್ಟಿಸುವುದಿಲ್ಲ. ಬಿಡುತ್ತದೆ ಅಥವಾ ತಡೆಯುತ್ತದೆ. ಇಷ್ಟೆಲ್ಲ ತಡೆ ದಾಟಿ ನಮ್ಮ ಕಣ್ಣಿಗೆ ತಲುಪುವುದು ಹಿಂದಿನ ದೀಪದ ಬೆಳಕಿನಲ್ಲಿ ಸಾಮಾನ್ಯವಾಗಿ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ!

ಈ ವಿಷಯದಲ್ಲಿ ನಮ್ಮ ನಾಡಿಗೂ ಒಂದು ಹೆಮ್ಮೆಯಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ಕಲಿಸಿದ ಪ್ರೊ. ಎಸ್. ಚಂದ್ರಶೇಖರ್ ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. 1977ರಲ್ಲಿ ಅವರು ಮತ್ತು ಅವರ ಸಹೋದ್ಯೋಗಿಗಳು ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿದರು. ಅದುವರೆಗೆ ಕಡ್ಡಿಯಾಕಾರದ ಅಣುಗಳಿಗೆ ಮಾತ್ರ ಅದು ಸಾಧ್ಯವೆಂದು ನಂಬಲಾಗಿತ್ತು. ಬಿಲ್ಲೆ ಅಣುಗಳಿಂದ ಮಾಡಿದ ತೆಳು ಹಾಳೆಗಳು ಮುಂದೆ ಕಂಪ್ಯೂಟರ್ ಪರದೆಗಳನ್ನು ಪಕ್ಕದಿಂದ ನೋಡಿದರೂ ಚಿತ್ರ ಕೆಡದಂತೆ ಮಾಡಲು ನೆರವಾದವು.

ತಾನೇ ಉರಿಯುವ ಚುಕ್ಕಿ

ಎರಡನೆಯದು ಓಲೆಡ್. 1987ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಇದರ ಬುನಾದಿ ಹಾಕಿದರು. ಇಂಗಾಲದ ಸಂಯುಕ್ತಗಳ ಅತಿ ತೆಳುವಾದ ಪದರಗಳಿಗೆ 10 ವೋಲ್ಟ್‌ಗಿಂತ ಕಡಿಮೆ ಒತ್ತಡ ಕೊಟ್ಟು, ಅವು ತಾವೇ ಬೆಳಗುವಂತೆ ಮಾಡಿದರು. ಹೀಗೆ ಬೆಳಗುವ ಪ್ರತಿ ಚುಕ್ಕಿಯನ್ನೂ ಅದರದೇ ಟ್ರಾನ್ಸಿಸ್ಟರ್‌ಗಳಿಂದ ಹಿಡಿತದಲ್ಲಿಟ್ಟರೆ ಅದೇ ಅಮೋಲೆಡ್.

ದಸರೆಯಲ್ಲಿ ಮೈಸೂರು ಅರಮನೆಯ ದೀಪಾಲಂಕಾರ ನೋಡಿದ್ದೀರಿ ತಾನೆ? ಅಲ್ಲಿ ಪ್ರತಿ ಬಲ್ಬೂ ತಾನೇ ಉರಿಯುತ್ತದೆ. ಬಲ್ಬಿಲ್ಲದ ಜಾಗ ಕತ್ತಲೆ. ಓಲೆಡ್ ಪರದೆ ಹಾಗೆಯೇ. ಅಗಲಕ್ಕೆ 1080, ಉದ್ದಕ್ಕೆ 2400 ಪಿಕ್ಸೆಲ್ ಇರುವ ಫೋನಿನಲ್ಲಿ ಸುಮಾರು 26 ಲಕ್ಷ ಪಿಕ್ಸೆಲ್‌ಗಳಿವೆ ಎಂದಾಯಿತು. ಗುಣಿಸಿ ನೋಡಿ!

ಗುಣವೂ ದೋಷವೂ ಒಂದೇ ಬೇರಿನಿಂದ

ಒಂದು ಬೆಳಕನ್ನು ತಡೆಯುತ್ತದೆ, ಇನ್ನೊಂದು ಸೂಸುತ್ತದೆ. ಎರಡರ ಗುಣದೋಷಗಳೆಲ್ಲ ಈ ಒಂದೇ ವ್ಯತ್ಯಾಸದಿಂದ ಹುಟ್ಟುತ್ತವೆ.

ಓಲೆಡ್‌ನಲ್ಲಿ ಕಪ್ಪು ಎಂದರೆ ಆರಿದ ದೀಪ, ನಿಜವಾದ ಕಪ್ಪು. ಎಲ್‌ಸಿಡಿಯಲ್ಲಿ ಕಪ್ಪು ಎಂದರೆ ಮುಚ್ಚಿದ ಬಾಗಿಲು. ಸಂದಿಯಲ್ಲಿ ಸ್ವಲ್ಪ ಬೆಳಕು ಸೋರಿ ಬೂದುಬಣ್ಣ ಕಾಣುತ್ತದೆ. ಹಿಂದೆ ದೀಪದ ಪದರ ಬೇಕಿಲ್ಲದ್ದರಿಂದ ಓಲೆಡ್ ತೆಳು; ಮಡಚುವ ಫೋನುಗಳು ಸಾಧ್ಯವಾದದ್ದೂ ಅದರಿಂದಲೇ. ಚಿತ್ರ ಬದಲಾಗುವ ವೇಗವೂ ಹೆಚ್ಚು.

ಆದರೆ ಉರಿಯುವ ದೀಪಕ್ಕೆ ಆಯುಷ್ಯ ಉಂಟು. ಹೆಚ್ಚು ಉರಿದ ಚುಕ್ಕಿ ಬೇಗ ಮಂಕಾಗುತ್ತದೆ, ಅದರಲ್ಲೂ ನೀಲಿ. ಒಂದೇ ಗುರುತು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬೆಳಗುತ್ತಿದ್ದರೆ ಅದರ ನೆರಳು ಪರದೆಯಲ್ಲಿ ಅಳಿಯದೆ ಉಳಿಯಬಹುದು. ಎಲ್‌ಸಿಡಿಗೆ ಈ ತೊಂದರೆ ಇಲ್ಲವೆಂದೇ ಹೇಳಬಹುದು. ಅದರ ಬೆಲೆಯೂ ಸಾಮಾನ್ಯವಾಗಿ ಕಡಿಮೆ; ಫೋನ್ ಬಿದ್ದು ಪರದೆ ಒಡೆದಾಗ ಇದರ ಅರ್ಥ ಚೆನ್ನಾಗಿ ತಿಳಿಯುತ್ತದೆ.

ಬ್ಯಾಟರಿ ಉಳಿತಾಯದ ವಿಷಯವೂ ಹೀಗೆಯೇ. ಎಲ್‌ಸಿಡಿಯಲ್ಲಿ ಹಿಂದಿನ ದೀಪ ಉರಿಯುತ್ತಲೇ ಇರುವುದರಿಂದ ಕಪ್ಪು ಹಿನ್ನೆಲೆಯ 'ಡಾರ್ಕ್ ಮೋಡ್' ಹಾಕಿ ಹೇಳಿಕೊಳ್ಳುವಂಥ ಲಾಭವಿಲ್ಲ. ಓಲೆಡ್‌ನಲ್ಲಿ ಲಾಭವುಂಟು, ಆದರೆ ಅಂದುಕೊಂಡಷ್ಟಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಅಳೆದು ನೋಡಿದಾಗ, ಬೆಳಕು ಪೂರ್ತಿ ಹೆಚ್ಚಿಸಿದ್ದರೆ ಸರಾಸರಿ ಶೇ. 39ರಿಂದ 47ರಷ್ಟು, ಮನೆಯೊಳಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಶೇ. 30ರಿಂದ 50ರ ಬೆಳಕಿನಲ್ಲಿ ಕೇವಲ ಶೇ. 3ರಿಂದ 9ರಷ್ಟು ಉಳಿತಾಯ ಕಂಡುಬಂತು.

ಪೊರಕೆ ಕಡ್ಡಿಯ ಪ್ರಯೋಗ

ಈಗ ಹುಡುಗಿಯ ತಲೆನೋವಿಗೆ ಬರೋಣ. ಓಲೆಡ್ ಪರದೆಯ ಬೆಳಕನ್ನು ತೀರ ತಗ್ಗಿಸಿದಾಗ ಅನೇಕ ಫೋನುಗಳು ಒಂದು ಉಪಾಯ ಮಾಡುತ್ತವೆ. ದೀಪವನ್ನು ಮಂದವಾಗಿ ಉರಿಸುವ ಬದಲು, ಸೆಕೆಂಡಿಗೆ ನೂರಾರು ಸಲ ಹೊತ್ತಿಸಿ ಆರಿಸುತ್ತವೆ. ಆರಿರುವ ಹೊತ್ತು ಹೆಚ್ಚಿದಷ್ಟೂ ಪರದೆ ಮಂದವಾಗಿ ಕಾಣುತ್ತದೆ. ಸೆಕೆಂಡಿಗೆ ಸುಮಾರು 240 ಸಲ ಹೀಗೆ ಮಿನುಗುವ ಫೋನುಗಳು ಬಹಳ ಇವೆ. ಕೆಲವು ಹೊಸ ಫೋನುಗಳಲ್ಲಿ ಇದು ಸಾವಿರಾರು ಸಲ. ಈ ಮಿನುಗು ಕಣ್ಣಿಗೆ ಕಾಣುವುದಿಲ್ಲ. ಆದರೂ ಕೆಲವರಿಗೆ ಇದರಿಂದ ಕಣ್ಣು ಆಯಾಸ, ತಲೆನೋವು ಬರುವುದುಂಟು. ಎಲ್ಲರಿಗೂ ಹೀಗಾಗುವುದಿಲ್ಲ. ಅದೇ ಫೋನು ಚಿಕ್ಕಪ್ಪನಿಗೆ ಏನೂ ಮಾಡಿರಲಿಲ್ಲ.

ಅಂದು ಕೋಣೆಯ ದೀಪ ಆರಿಸಿದೆವು. ಪರದೆಯಲ್ಲಿ ಬಿಳಿ ಪುಟ ತೆರೆದು, ಬೆಳಕು ತಗ್ಗಿಸಿ, ಅದರ ಮುಂದೆ ಒಂದು ಪೊರಕೆ ಕಡ್ಡಿಯನ್ನು ಬೀಸಣಿಗೆಯಂತೆ ಬೇಗ ಬೇಗ ಆಡಿಸಿದೆ. ಬಾಚಣಿಗೆಯ ಹಲ್ಲುಗಳಂತೆ ಬಿಡಿ ಬಿಡಿಯಾಗಿ ಹಲವು ಕಡ್ಡಿಗಳು ಕಂಡವು! ದೀಪ ಹೊತ್ತಿದ ಕ್ಷಣಗಳಲ್ಲಿ ಮಾತ್ರ ಕಡ್ಡಿ ಕಾಣುತ್ತಿತ್ತು, ಅಷ್ಟೆ. ಬೆಳಕನ್ನು ಹೆಚ್ಚಿಸಿದಂತೆ ಆ ಹಲ್ಲುಗಳು ಮಸುಕಾದವು. ಆಮೇಲೆ ನನ್ನ ಹಳೆಯ ಎಲ್‌ಸಿಡಿ ಫೋನಿನ ಮುಂದೆ ಅದೇ ಕಡ್ಡಿ ಆಡಿಸಿದೆ. ಒಂದೇ ಸಮನಾದ ಮಸುಕು. ಸಂಜೆ ಜಗಲಿಯಲ್ಲಿ ಫೋನಿನ ಬೆಳಕು ಹೆಚ್ಚಿರುತ್ತಿತ್ತು. ರಾತ್ರಿ ಓದುವಾಗ ತೀರ ಕಡಿಮೆ. ಅಪ್ಪ ಕಡ್ಡಿಯನ್ನು ತಾವೇ ಇಸಿದುಕೊಂಡು ಮೂರು ನಾಲ್ಕು ಸಲ ಆಡಿಸಿ ನೋಡಿದರು. ಮಾತಾಡಲಿಲ್ಲ.

ಒಂದು ಕಡ್ಡಿಯಿಂದ ಕಾಯಿಲೆ ನಿರ್ಧರಿಸುವುದು ಸಲ್ಲದು. ಮೊದಲು ಡಾಕ್ಟರ ಬಳಿ ಹೋದದ್ದೇ ಸರಿ. ನಾನು ಹೇಳಿದ್ದು ಇಷ್ಟೆ: ಕತ್ತಲೆಯಲ್ಲಿ ಓದುವುದು ಬೇಡ. ತಮ್ಮನ ಕಣ್ಣಿಗೆ ಬೀಳದಂತೆ ಒಂದು ಸಣ್ಣ ಟೇಬಲ್ ದೀಪ ಇರಲಿ, ಫೋನಿನ ಬೆಳಕು ಅರ್ಧಕ್ಕಿಂತ ಮೇಲಿರಲಿ, ಮುಖ್ಯವಾದ ನೋಟ್ಸನ್ನು ಪ್ರಿಂಟ್ ತೆಗೆಸಿಕೊಳ್ಳಲಿ. ಪರದೆ ದಿಟ್ಟಿಸುವಾಗ ನಾವು ಕಣ್ಣು ಮಿಟುಕಿಸುವುದೇ ಕಡಿಮೆಯಾಗಿ ಕಣ್ಣು ಒಣಗುತ್ತದೆ. ಆದ್ದರಿಂದ 20 ನಿಮಿಷಕ್ಕೊಮ್ಮೆ ದೂರದ ವಸ್ತುವನ್ನು ನೋಡಲಿ. ಇದು ಯಾವ ಪರದೆಗಾದರೂ ಅನ್ವಯಿಸುವ ಮಾತು.

ಹಾಗಾದರೆ ಯಾವುದನ್ನು ಕೊಳ್ಳಬೇಕು?

'ಸೂಪರ್', 'ಡೈನಾಮಿಕ್' ಮುಂತಾದವು ಮಾರುವವರು ಸೇರಿಸುವ ವಿಶೇಷಣಗಳು. ಕೊನೆಯಲ್ಲಿ ಓಲೆಡ್ ಅಥವಾ ಅಮೋಲೆಡ್ ಇದ್ದರೆ ಸೂಸುವ ಪರದೆ. ಐಪಿಎಸ್ ಅಥವಾ ಎಲ್‌ಸಿಡಿ ಎಂದಿದ್ದರೆ ತಡೆಯುವ ಪರದೆ. ಚಲನಚಿತ್ರ, ಫೋಟೋ ಹೆಚ್ಚು ನೋಡುವವರಿಗೆ ಓಲೆಡ್ ಒಳ್ಳೆಯದು. ದಿನಕ್ಕೆ ಹಲವು ಗಂಟೆ ಬಿಳಿ ಪುಟ ಓದುವ, ಫೋನನ್ನು ಕೈಜಾರಿ ಬೀಳಿಸುವ ವಿದ್ಯಾರ್ಥಿಗೆ ಎಲ್‌ಸಿಡಿ ಏನೂ ಕಡಿಮೆಯದಲ್ಲ. ಓಲೆಡ್ಡೇ ಬೇಕೆಂದರೆ ಕೊಳ್ಳುವ ಮುನ್ನ ಬೆಳಕು ತಗ್ಗಿಸಿ ಹತ್ತು ನಿಮಿಷ ಓದಿ ನೋಡಿ. ಬೆಲೆ ಹೆಚ್ಚಿದ್ದೆಲ್ಲ ನಮ್ಮ ಕಣ್ಣಿಗೆ ಹೊಂದುತ್ತದೆ ಎಂಬ ನಿಯಮವಿಲ್ಲ.

ಎರಡು ವಾರದ ನಂತರ ಟೈಲರ್ ಅಂಗಡಿಯ ಮುಂದೆ ಹೋಗುತ್ತಿದ್ದಾಗ ಅವರು ಹೊಲಿಗೆ ನಿಲ್ಲಿಸಿ ಹೇಳಿದರು: "ತಲೆನೋವು ಬಹಳ ಕಮ್ಮಿ ಆಗಿದೆ ಮೇಷ್ಟ್ರೇ. ಸುಮ್ಮನೆ ಬೈದುಬಿಟ್ಟೆ ಮಗೂನ." ಬೈದದ್ದು ಅವರೊಬ್ಬರೇ ಅಲ್ಲವಲ್ಲ. ಮಕ್ಕಳು ನೋವೆಂದಾಗ ಕಾರಣ ಕಾಣದಿದ್ದರೆ ಅದನ್ನು ಸುಳ್ಳೆನ್ನುವ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕೆಂದು ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ನನಗೆ ಆ ಪೊರಕೆ ಕಡ್ಡಿ ನೆನಪಿಸಿತು.

ಈ ವಾರ ಮಾಡಿ ನೋಡಿ: ಮನೆಯಲ್ಲಿರುವ ಫೋನುಗಳಲ್ಲಿ ಪೂರ್ತಿ ಕಪ್ಪಾದ ಒಂದು ಚಿತ್ರ ತೆರೆದು ಕತ್ತಲ ಕೋಣೆಗೆ ಒಯ್ಯಿರಿ. ಕಪ್ಪು ಬೂದಾಗಿ ಹೊಳೆಯುವುದು ಯಾವುದರಲ್ಲಿ, ಪರದೆಯೇ ಕಾಣದಂತಾಗುವುದು ಯಾವುದರಲ್ಲಿ? ಆ ಮೇಲೆ ಕಡ್ಡಿ ಆಡಿಸಿ. ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಕಾರಣವನ್ನು ಮನೆಯವರಿಗೆ ನೀವೇ ವಿವರಿಸಿ.