ಗೋಧಿ ಬಣ್ಣವಿಲ್ಲದ ಅಪ್ಪಂದಿರು

ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ನೋಡಿ ನಮ್ಮ ಕಣ್ಣೂ ಒದ್ದೆಯಾದದ್ದು ನಿಜ. ಮರೆವಿನ ಕಾಯಿಲೆಯ ವೆಂಕೋಬರಾವ್ ಕಳೆದುಹೋದರೆ ಮಗ, ಡಾಕ್ಟರಮ್ಮ ಬೆಂಗಳೂರೆಲ್ಲ ಹುಡುಕುತ್ತಾರೆ. ನಡುವೆ ಪ್ರೇಮ, ರೌಡಿಗಳ ಕೊಲೆ. ಅನಂತನಾಗ್ ನಟನೆಗೆ ಕೊಂಕಿಲ್ಲ ಬಿಡಿ. ಆದರೆ ಗೆಳೆಯರೇ, ಯಾರ ಅಪ್ಪ ಕಳೆದರೆ ಅದು ಕತೆ?

2024ರ ಅಕ್ಟೋಬರ್ 22ರಂದು ಹೊರಮಾವು ಅಗರದ ಬಾಬುಸಾಪಾಳ್ಯದಲ್ಲಿ, ಪರವಾನಗಿ ಮೀರಿ ಎಬ್ಬಿಸುತ್ತಿದ್ದ ಕಟ್ಟಡ ಕುಸಿಯಿತು. ಅಡಿಗೆ ಸಿಕ್ಕವರು ಬಿಹಾರ, ತಮಿಳುನಾಡುಗಳಿಂದ ಕೂಲಿಗೆ ಬಂದವರು. ಪತ್ರಿಕೆಗಳು ಹೆಣ ಎಣಿಸಿದವು. ದೂರದೂರಲ್ಲಿ ಫೋನು ಹಿಡಿದು ಕಾದು ಕೂತ ಮಕ್ಕಳನ್ನು ಎಣಿಸಿದವರು ಯಾರು? ಸಿನೆಮಾದ ಅಪ್ಪ ಕೊನೆಗೆ ಸಿಗ್ತಾನೆ. ಸಿಮೆಂಟು ಮೆತ್ತಿಕೊಂಡ, ಬಿಸಿಲಲ್ಲಿ ಸುಟ್ಟ ಮೈಗೆ ನಿಮ್ಮ ಪೋಸ್ಟರಿನಲ್ಲಿ ಯಾವ ಬಣ್ಣ ಬರೀತೀರಿ, ಸ್ವಾಮಿ?