ಮೊದಲು ಮಾಡ, ಆಮೇಲೆ ಚಿತ್ರ

ಅಕ್ಕಲಕೋಟ ತಾಲೂಕಿನ ಕುರನೂರ, ಅದರ ಸುತ್ತಲಿನ ಹಳ್ಳಿಗಳು, ಆಚೆ ಸೊಲ್ಲಾಪುರದ ಹಳೆಯ ಪೇಟೆಗಳು: ಈ ಸೀಮೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಗೋಡೆ ಒಂದೂವರೆ, ಎರಡು ಅಡಿ ದಪ್ಪ ಇರುತ್ತಿತ್ತು. ಗೋಡೆ ಏಳುವಾಗಲೇ ಅದರೊಳಗೆ ಅಲ್ಲಲ್ಲಿ ಗೇಣಗಲದ, ಮೊಳದಗಲದ ಮಾಡ ಬಿಡುತ್ತಿದ್ದರು. ಬೇರೆ ಕಡೆ ಇದನ್ನೇ ಗೂಡು ಅನ್ನುತ್ತಾರೆ. ಯಾವ ಮಾಡದಲ್ಲಿ ಏನಿಡಬೇಕು ಎಂಬುದು ಗೋಡೆ ಕಟ್ಟುವಾಗ ತೀರ್ಮಾನವಾಗಿರಬೇಕಿರಲಿಲ್ಲ. ಮನೆ ತುಂಬಿದ ಮೇಲೆ ಒಂದರಲ್ಲಿ ಸಂಜೆಯ ದೀಪ ಬರುತ್ತಿತ್ತು, ಒಂದರಲ್ಲಿ ಕುಂಕುಮದ ಭರಣಿ, ಮತ್ತೊಂದರಲ್ಲಿ ಹಬ್ಬಕ್ಕೊಮ್ಮೆ ಬಂದು ಕೂತು ಹೋಗುವ ಮಣ್ಣಿನ ಬಸವ. ಸುತ್ತ ಸುಣ್ಣದ ಬಿಳಿ ಗೋಡೆ, ಅಂಚಿಗೆ ಕೆಮ್ಮಣ್ಣಿನ ಪಟ್ಟಿ. ಆ ಬಿಳುಪಿನಲ್ಲಿ ಕಣ್ಣು ತಾನಾಗಿ ಮಾಡದೊಳಗಿನ ವಸ್ತುವಿನ ಮೇಲೆ ಹೋಗಿ ನಿಲ್ಲುತ್ತಿತ್ತು. ಮನೆಯಲ್ಲಿ ಕಲೆ ಇಟ್ಟುಕೊಳ್ಳಲು ಕೈತುಂಬ ದುಡ್ಡು ಬೇಕು ಎಂದು ಸುಮ್ಮನಾಗುವವರು ಈ ಮಾಡವನ್ನು ಒಮ್ಮೆ ನೆನೆಯಬೇಕು. ಸ್ಥಳ ಮೊದಲು, ವಸ್ತು ಆಮೇಲೆ ಎಂಬ ಕ್ರಮ ಅದರಲ್ಲಿದೆ. ಸಣ್ಣ ಸಂಪಾದನೆಯ ಮನೆಯಲ್ಲಿ ಕಲೆ ಉಳಿಯುವುದೋ ಬರೀ ಸಾಮಾನಾಗುವುದೋ ಎಂಬುದು ಬೆಲೆಗಿಂತ ಹೆಚ್ಚಾಗಿ ಈ ಕ್ರಮದ ಮೇಲೆ ನಿಂತಿದೆ ಎಂಬುದು ನನ್ನ ವಾದ.

ಈ ಕ್ರಮವನ್ನು ಬಡತನ ಕಲಿಸಿತು ಎನ್ನುವಂತಿಲ್ಲ. ಕುರನೂರದ ಅಣೆಕಟ್ಟೆ ಇರುವ ಬೋರಿ ನದಿಯ ಮೇಲುಗಡೆಗೇ ನಳದುರ್ಗದ ಕೋಟೆ ಇದೆ. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ, 1613ರಲ್ಲಿ, ಅಲ್ಲಿ ನದಿಗೆ ಕಟ್ಟಿದ ಒಡ್ಡಿನ ಹೊಟ್ಟೆಯೊಳಗೆ ಪಾನಿ ಮಹಲ್ ಎಂಬ ಕೋಣೆ ಕಟ್ಟಿದರು. ಮಳೆಗಾಲದಲ್ಲಿ ಒಡ್ಡಿನ ಮೇಲಿಂದ ನೀರು ಧುಮುಕುವಾಗ, ಆ ಕೋಣೆಯ ಕಿಟಕಿಯ ಮುಂದೆಯೇ ಅದು ಬೀಳುತ್ತದೆ. ಸಂಗೀತದ ಮೇಲೆ ಪುಸ್ತಕ ಬರೆದ, ತನ್ನ ಆಸ್ಥಾನಕ್ಕೆ ಹೆಸರಾಂತ ಚಿತ್ರಕಾರರನ್ನು ಕರೆಸಿಕೊಂಡಿದ್ದ ಅರಸನ ಕಾಲ ಅದು. ಅಂಥ ಕಾಲದಲ್ಲೂ ನೋಡಲು ಒಂದು ಸ್ಥಳ ಕಟ್ಟಿದರು. ನೋಟವನ್ನು ನದಿ ತಂದುಕೊಟ್ಟಿತು. ಅದೇ ಆಸ್ಥಾನದ ಚಿತ್ರಗಳನ್ನೂ ಗಮನಿಸಬೇಕು. ಕುಮಟಗಿಯಂಥ ಕಡೆ ಗೋಡೆಯ ಮೇಲೆ ಬರೆಸಿದ್ದುಂಟು. ಆದರೆ ದಖ್ಖನಿ ಚಿತ್ರಕಲೆಯ ಉತ್ತಮ ಕೆಲಸದಲ್ಲಿ ಬಹುಪಾಲು ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಹಾಳೆಗಳ ಮೇಲಿನದು. ಅವನ್ನು ಸಂಪುಟದಲ್ಲಿ ಇಟ್ಟು, ಬೇಕಾದಾಗ ಬಿಚ್ಚಿ, ಒಂದೊಂದಾಗಿ ನೋಡಿ, ಮತ್ತೆ ಮುಚ್ಚಿಡುತ್ತಿದ್ದರು. ಜಪಾನಿನ ಸಾಂಪ್ರದಾಯಿಕ ಮನೆಗಳಲ್ಲಿ ತೊಕೊನೊಮಾ ಎಂಬ ಗೂಡಿರುತ್ತದೆ. ಅಲ್ಲಿ ಋತುವಿಗೆ ತಕ್ಕ ಒಂದು ಸುರುಳಿ ಚಿತ್ರ ತೂಗುಹಾಕಿ, ಉಳಿದವನ್ನು ಸುತ್ತಿ ಪೆಟ್ಟಿಗೆಯಲ್ಲಿಡುತ್ತಾರೆ. ಹತ್ತು ಕೊಳ್ಳಬಲ್ಲವರೂ ಒಂದನ್ನೇ ಎದುರಿಗಿಟ್ಟುಕೊಂಡರು.

ಹಾಗಾದರೆ ಗೋಡೆ ತುಂಬಿಸುವ ರೂಢಿ ಎಲ್ಲಿಂದ ಬಂತು? ಅದರ ಕಥೆ ಅಚ್ಚಿನ ಚಿತ್ರದ ಕಥೆ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಒಂದರ ಮೇಲೊಂದು ಅಚ್ಚು. ಕೊನೆಗೆ ತೈಲವರ್ಣದ ಹೊಳಪು ಬರುವ ಹಾಗೆ ಮೆರುಗು. ಅರಮನೆಯಲ್ಲಿದ್ದ ಲಕ್ಷ್ಮಿ, ಸರಸ್ವತಿ ಹೀಗೆ ಸಾಮಾನ್ಯರ ಪಡಸಾಲೆಗೆ ಬಂದರು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತ ಮುಂಬಯಿಯಲ್ಲಿ ಸಿನೆಮಾ ಪತ್ರಿಕೆಯ ಮುಖಪುಟಗಳನ್ನೂ ಪುರಾಣದ ಕ್ಯಾಲೆಂಡರುಗಳನ್ನೂ ಬರೆದರು. ಅಂಥ ಕ್ಯಾಲೆಂಡರನ್ನು ಅಂಗಡಿಯವರು ಗಿರಾಕಿಗಳಿಗೆ ಪುಕ್ಕಟೆ ಕೊಡುತ್ತಿದ್ದರು. ವರ್ಷ ಮುಗಿದ ಮೇಲೆ ಜನ ತಾರೀಖಿನ ಭಾಗ ಕತ್ತರಿಸಿ, ಚಿತ್ರಕ್ಕೆ ಕಟ್ಟು ಹಾಕಿಸಿಕೊಂಡರು. ಇದನ್ನು ಕೀಳಾಗಿ ಕಾಣುವುದು ತಪ್ಪು. ಪಂಢರಪುರದಲ್ಲಿ 1915ರಲ್ಲಿ ಹುಟ್ಟಿದ ಎಂ. ಎಫ್. ಹುಸೇನ್ ಮುಂಬಯಿಯಲ್ಲಿ ಸಿನೆಮಾ ಫಲಕಗಳನ್ನು ಬರೆದೇ ಕೈ ಪಳಗಿಸಿಕೊಂಡವರು. ಅಗ್ಗದ ಚಿತ್ರದ ಕಸುಬು ಈ ಸೀಮೆಯ ದೊಡ್ಡ ಕಲಾವಿದರನ್ನು ಸಾಕಿದೆ. ಕೊಂಡವರೂ ಸುಮ್ಮನೆ ಕೂರಲಿಲ್ಲ. ರವಿವರ್ಮನ ಅಚ್ಚಿನ ದೇವಿಗೆ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಜರಿ, ಮಿಂಚು, ಬಟ್ಟೆಯ ತುಂಡು ಹಚ್ಚಿ ಸೀರೆ ಉಡಿಸಿದರು. ಸಾವಿರಾರು ಪ್ರತಿಗಳಲ್ಲಿ ಒಂದು ತಮ್ಮ ಮನೆಯದೇ ಆಯಿತು.

ಆದರೆ ಚಿತ್ರ ಸುಲಭವಾಗಿ ಸಿಕ್ಕಂತೆ ಅದರ ಸ್ಥಳದ ಯೋಚನೆ ಹಿಂದೆ ಸರಿಯಿತು. ಕುರನೂರ ಸೀಮೆಯ ಗೋಡೆ ಇದಕ್ಕೆ ಒಳ್ಳೆಯ ಸಾಕ್ಷಿ. ಅಕ್ಕಲಕೋಟದ ಸ್ವಾಮಿ ಸಮರ್ಥ, ಗಾಣಗಾಪುರದ ದತ್ತ, ತುಳಜಾಪುರದ ಭವಾನಿ, ಪಂಢರಪುರದ ವಿಠೋಬ, ಸೊಲ್ಲಾಪುರದ ಸಿದ್ಧರಾಮ: ಎಲ್ಲ ಕ್ಷೇತ್ರಗಳೂ ಒಂದು ದಿನದ ದಾರಿಯೊಳಗೆ, ಪ್ರತಿ ಯಾತ್ರೆಗೂ ಒಂದು ಪಟ. ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ ಆಗಿರುವ ಮನೆಗಳಲ್ಲಿ ಈ ಪಟಗಳ ಸಾಲು ಎರಡೂ ಭಾಷೆಗೆ ಸಲ್ಲುವ ನಕಾಶೆಯಂತೆ ನಿಂತಿದೆ. ಅದರ ಬೆಲೆ ದೊಡ್ಡದು. ಆದರೂ ಹದಿನೈದು ಪಟ ಒತ್ತೊತ್ತಾಗಿ ಕೂತ ಗೋಡೆಯಲ್ಲಿ ಯಾವುದನ್ನೂ ಯಾರೂ ನೋಡುವುದಿಲ್ಲ. ಬಣ್ಣ ಹಾರಿ, ಗಾಜು ಬಿರಿದ ಪಟಗಳು ಕಡೆಗೆ ಅರಳಿಕಟ್ಟೆಗೆ ಹೋಗಿ ಕೂರುತ್ತವೆ. ದೇವರ ಪಟ ಇಳಿಸಿ ಎಂದು ನಾನು ಹೇಳುತ್ತಿಲ್ಲ. ದೇವರಿಗೆ ಜಗುಲಿ ಇರಲಿ, ಪೂಜೆಯ ಕಣ್ಣಿಗೆ ಅದರದೇ ನಿಯಮ. ಮನೆಯ ಇನ್ನೊಂದು ಕಡೆ, ಬೆರಗಿನ ಕಣ್ಣಿಗೆಂದು ಒಂದು ಸ್ಥಳ ಬೇರೆ ಇರಲಿ.

ಆ ಸ್ಥಳ ಹುಡುಕಲು ಖರ್ಚಿಲ್ಲ, ಸ್ವಲ್ಪ ಗಮನ ಬೇಕು. ಮನೆಯವರು ಎಲ್ಲಿ ಹೆಚ್ಚು ಹೊತ್ತು ಕೂರುತ್ತಾರೆ, ಅಲ್ಲಿಂದ ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ಮೊದಲು ನೋಡಬೇಕು. ಕಲಾ ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂ.ಮೀ. ಎತ್ತರಕ್ಕೆ ಬರುವಂತೆ ತೂಗುಹಾಕುವ ರೂಢಿಯಿದೆ. ಅದು ನಿಂತು ನೋಡುವವರ ಲೆಕ್ಕ. ನೆಲದ ಮೇಲೆ ಕೂತು ಉಂಡು, ಕೂತೇ ಮಾತಾಡುವ ಮನೆಯಲ್ಲಿ ಕಣ್ಣು ಎರಡೂವರೆ ಅಡಿಯ ಆಸುಪಾಸಿನಲ್ಲಿರುತ್ತದೆ. ಹಿಂದಿನವರು ಪಟಗಳನ್ನು ಎತ್ತರದಲ್ಲಿಟ್ಟಾಗ ಬುಡವನ್ನು ಪಟ್ಟಿಗೆ ಆನಿಸಿ ತಲೆಯನ್ನು ಮುಂದಕ್ಕೆ ಬಾಗಿಸುತ್ತಿದ್ದುದು ಇದಕ್ಕೇ ಹೊಂದುತ್ತದೆ: ಕೂತವರಿಗೆ ಮುಖ ಕಾಣುತ್ತದೆ, ಗಾಜಿನ ಮೇಲೆ ಬಾಗಿಲ ಬೆಳಕು ಹೊಳೆಯುವುದಿಲ್ಲ. ಎರಡನೆಯದು ಬೆಳಕು. ವಸ್ತುಸಂಗ್ರಹಾಲಯಗಳಲ್ಲಿ ಕಾಗದ ಮತ್ತು ಬಟ್ಟೆಯ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ಕಾಯುತ್ತಾರೆ. ಈ ಸೀಮೆಯ ಬೇಸಿಗೆಯ ಬಿಸಿಲು ಅದರ ಸಾವಿರ ಪಟ್ಟಿಗೂ ಹೆಚ್ಚು. ಪಡುವಣದ ಕಿಟಕಿಗೆ ಎದುರಾದ ಗೋಡೆಯಲ್ಲಿ ಜಲವರ್ಣದ ಚಿತ್ರ ಹೆಚ್ಚು ವರ್ಷ ಬಾಳದು. ಮೂರನೆಯದು ಕಟ್ಟು. ದುಡ್ಡು ಇದ್ದಷ್ಟನ್ನು ಇಲ್ಲಿ ಹಾಕುವುದು ಲೇಸು. ಚಿತ್ರಕ್ಕೂ ಗಾಜಿಗೂ ನಡುವೆ ದಪ್ಪ ಹಾಳೆಯ ಅಂಚು ಕೊಟ್ಟರೆ ಮಳೆಗಾಲದ ತೇವಕ್ಕೆ ಬಣ್ಣ ಗಾಜಿಗೆ ಅಂಟುವುದಿಲ್ಲ. ಬೆನ್ನಿಗೆ ಹಳೆಯ ಪೇಪರು, ಅಗ್ಗದ ರಟ್ಟು ಇಟ್ಟರೆ ಅದರ ಆಮ್ಲ ಚಿತ್ರಕ್ಕೆ ಹತ್ತಿ ಕಾಗದ ಕಂದುಗಟ್ಟುತ್ತದೆ. ಹಾಗೆಯೇ ಸುತ್ತಲ ಗೋಡೆಯನ್ನು ಖಾಲಿ ಬಿಡಬೇಕು. ಸಣ್ಣ ಚಿತ್ರವನ್ನು ದೊಡ್ಡದು ಮಾಡುವುದು ಆ ಖಾಲಿ ಜಾಗವೇ.

ಸ್ಥಳ ಸಿದ್ಧವಾದ ಮೇಲೆ ಏನಿಡಬೇಕು ಎಂಬ ಪ್ರಶ್ನೆ ಹಗುರಾಗುತ್ತದೆ. ತುಂಬಬೇಕಾದ್ದು ಗೋಡೆಯಲ್ಲ, ಒಂದು ಮಾಡ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸಿಕೊಂಡು ಬಂದಿರುವ ಚಿತ್ರಸಂತೆಗೆ ‘ಮನೆಗೊಂದು ಕಲಾಕೃತಿ’ ಎಂಬುದೇ ಘೋಷಣೆ. ಅದರಲ್ಲಿ ‘ಒಂದು’ ಎಂಬ ಮಾತು ನನಗೆ ಮುಖ್ಯ. ಬೆಂಗಳೂರು ದೂರವಾದರೆ ಕಲಬುರಗಿ, ಧಾರವಾಡ, ಗದಗಗಳಲ್ಲಿ ಚಿತ್ರಕಲೆ ಕಲಿಸುವ ಶಾಲೆಗಳಿವೆ. ವಿದ್ಯಾರ್ಥಿಗಳ ಪ್ರದರ್ಶನದಲ್ಲಿ ಮರಕೆತ್ತನೆಯ ಅಚ್ಚು, ಲಿನೋ ಅಚ್ಚುಗಳನ್ನು ಹುಡುಕಬೇಕು. ಕಲಾವಿದ ತಾನೇ ಕೆತ್ತಿ, ತಾನೇ ಒತ್ತಿ, ಇಪ್ಪತ್ತರಲ್ಲಿ ಮೂರನೆಯದು ಎಂಬಂತೆ ಕೆಳಗೆ ಪೆನ್ಸಿಲಿನಲ್ಲಿ ಸಂಖ್ಯೆ ಬರೆದ ಹಾಳೆ ಅದು. ಒಂದೊಂದೂ ಮೂಲಕೃತಿಯೇ, ಆದರೆ ಪ್ರತಿಗಳು ಹಲವಿರುವುದರಿಂದ ಬೆಲೆ ಕೈಗೆಟುಕುತ್ತದೆ. ಇನ್ನೂ ಹತ್ತಿರ ನೋಡಿದರೆ ಸೊಲ್ಲಾಪುರದ ಚಾದರವೇ ಇದೆ. ಜಕಾರ್ಡ್ ಮಗ್ಗದಲ್ಲಿ ತೂತು ಕೊರೆದ ರಟ್ಟುಗಳ ಸರಪಳಿ ಯಾವ ಎಳೆ ಮೇಲೇಳಬೇಕೆಂದು ಹೇಳುತ್ತದೆ. ಆ ತೂತಿಗೂ ಮೊದಲು ಒಬ್ಬ ನಕಾಶೆಗಾರ ಚೌಕುಳಿ ಕಾಗದದ ಮೇಲೆ ಚೌಕ ಚೌಕವಾಗಿ ಬಣ್ಣ ತುಂಬಿ ನವಿಲನ್ನು ಬಿಡಿಸಿರುತ್ತಾನೆ. ಧಾರವಾಡ ಸೀಮೆಯ ಕಸೂತಿಯೂ ಹೀಗೆ ಎಣಿಕೆಯ ಕಲೆ. ಬಟ್ಟೆಯ ಎಳೆ ಎಣಿಸಿ ಹಾಕುವ ಗವಂತಿ, ಮುರಗಿ ಹೊಲಿಗೆಗಳಲ್ಲಿ ಗಂಟಿಲ್ಲ; ಗೋಪುರ, ತುಳಸಿಕಟ್ಟೆ, ಆನೆ ಎರಡೂ ಮಗ್ಗುಲಿಗೆ ಒಂದೇ ಹಾಗೆ ಮೂಡುತ್ತವೆ. ಹರಿದ ಇಳಕಲ್ ಸೀರೆಯ ಸೆರಗಿನಿಂದ, ಧೋತರದ ತುಂಡಿನಿಂದ ಹೊಲಿದ ಕೌದಿ ಪೆಟ್ಟಿಗೆಯ ತಳದಲ್ಲಿದ್ದರೆ, ಅದಕ್ಕಿಂತ ಒಳ್ಳೆಯ ಬಣ್ಣದ ಲೆಕ್ಕಾಚಾರ ಅಂಗಡಿಯಲ್ಲಿ ಸಿಗಲಾರದು. ಅದನ್ನು ಮೊಳೆಗೆ ಸಿಕ್ಕಿಸಬಾರದು, ಭಾರಕ್ಕೆ ಹರಿಯುತ್ತದೆ. ಬೆನ್ನಿಗೆ ಅಗಲವಾದ ಬಟ್ಟೆಯ ಪಟ್ಟಿ ಹೊಲಿದು, ಅದರೊಳಗೆ ಕೋಲು ತೂರಿಸಿ ತೂಗುಹಾಕಿದರೆ ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ಎರಡು ತಿಂಗಳಿಗೆ ಇಳಿಸಿ ಮಡಿಚಿಟ್ಟು ಬೇರೊಂದನ್ನು ಹಾಕಬೇಕು. ಆರಿಸುವಾಗ ಒಂದೇ ಪರೀಕ್ಷೆ ಸಾಕು: ಮಾಡಿದವರ ಕೈ ಎಲ್ಲಿ ತಡೆಯಿತು, ಎಲ್ಲಿ ತಿರುಗಿತು ಎಂಬುದು ನೋಡನೋಡುತ್ತ ತಿಳಿಯುತ್ತಿರಬೇಕು. ನೋಡಿದಷ್ಟೂ ಹೊಸದೇನಾದರೂ ಕೊಡುವ ಗೇಣುದ್ದದ ವಸ್ತು, ಒಂದೇ ನೋಟಕ್ಕೆ ಮುಗಿದುಹೋಗುವ ಆಳುದ್ದದ ಚಿತ್ರಕ್ಕಿಂತ ಮೇಲು.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಜೋಳಕ್ಕೆ ಮಳೆ ಸಾಲದ, ಮಗ್ಗ ನಿಂತರೆ ಒಲೆ ನಿಲ್ಲುವ ಸೀಮೆಯಲ್ಲಿ ಕಲೆಯ ಮಾತು ಹೊಟ್ಟೆ ತುಂಬಿದವರದು ಎನ್ನುವುದು ಮೊದಲನೆಯದು. ಆದರೆ ಈ ಸೀಮೆಯೇ ಅದಕ್ಕೆ ಉತ್ತರ ಕೊಟ್ಟಿದೆ. ಬರಗಾಲ ಕಂಡ ಮನೆಗಳೇ ಅಂಗಳಕ್ಕೆ ರಂಗೋಲಿ ಹಾಕಿದವು, ಹರಕು ಬಟ್ಟೆಯಲ್ಲಿ ಬಣ್ಣ ಹೊಂದಿಸಿ ಕೌದಿ ಹೊಲಿದವು. ಚಳಿ ತಡೆಯಲು ತೇಪೆ ಹೇಗಿದ್ದರೂ ನಡೆಯುತ್ತಿತ್ತು. ಕೆಂಪಿನ ಪಕ್ಕ ಹಸಿರೇ ಬೇಕೆಂದು ಆರಿಸಿದ ಕೈಗೆ ಚಳಿಯ ಆಚೆಯೂ ಒಂದು ಬೇಕು ಇತ್ತು. ಬಡವರಿಗೆ ಅಂದದ ಹಂಬಲವಿಲ್ಲ ಎನ್ನುವುದು ಅವರನ್ನು ನೋಡದೆ ಆಡುವ ಮಾತು. ಎರಡನೆಯದು ಹೆಚ್ಚು ಗಂಭೀರವಾದದ್ದು: ಅಗ್ಗದ ಕಲೆ ಎಂದರೆ ಯಾರದೋ ಕೂಲಿಗೆ ಕತ್ತರಿ. ಒಪ್ಪಬೇಕಾದ ಮಾತು. ತಿಂಗಳುಗಟ್ಟಲೆ ಹಾಕಿದ ಕಸೂತಿಯನ್ನು ಚೌಕಾಸಿ ಮಾಡಿ ತರುವುದು ಅಭಿರುಚಿಯಲ್ಲ. ಹತ್ತು ಬಿಟ್ಟು ಒಂದನ್ನೇ ಕೊಳ್ಳಿ ಎಂಬ ನನ್ನ ವಾದಕ್ಕೆ ಇದೂ ಒಂದು ಕಾರಣ. ಹತ್ತು ಅಗ್ಗದ ಯಂತ್ರದ ಚಿತ್ರಗಳಿಗೆ ಹೋಗುವ ದುಡ್ಡು ಕೂಡಿಸಿದರೆ ಒಂದು ಕೈಕೆಲಸಕ್ಕೆ ಕೇಳಿದಷ್ಟು ಬೆಲೆ ಕೊಡಬಹುದು. ಅಷ್ಟೂ ಇಲ್ಲದಿದ್ದರೆ ಮನೆಯ ಕೌದಿಯನ್ನೋ ಮಗು ಬರೆದ ಚಿತ್ರವನ್ನೋ ಅದೇ ಗೌರವದಿಂದ ಕಟ್ಟು ಹಾಕಿಸಬಹುದು. ಮೂರನೆಯದು ಕಾಲದ ಆಕ್ಷೇಪ: ಮಣ್ಣಿನ ಗೋಡೆ ಹೋಗಿ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಬಂದಿದೆ, ಪುಣೆ, ಸೊಲ್ಲಾಪುರಗಳ ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಲೂ ಬಿಡುವುದಿಲ್ಲ, ಮಾಡ ಎಲ್ಲಿಂದ ಬರಬೇಕು? ಮಾಡವೆಂದರೆ ಗೋಡೆಯ ತಗ್ಗು ಎಂದಷ್ಟೇ ತಿಳಿದರೆ ಈ ಪ್ರಶ್ನೆಗೆ ಉತ್ತರವಿಲ್ಲ. ಬೇರೇನೂ ಇಡದ ಒಂದು ಹಲಗೆ, ಗೋಡೆಗೆ ಒರಗಿಸಿ ನಿಲ್ಲಿಸಿದ ಒಂದು ಕಟ್ಟು, ಟಿವಿಯಿಂದ ದೂರದ ಒಂದು ಸ್ಟೂಲು, ಇವೂ ಮಾಡಗಳೇ. ಕೀಲಿಕೈ, ಔಷಧದ ಶೀಶೆ, ಕರೆಂಟ್ ಬಿಲ್ಲು ಅಲ್ಲಿಗೆ ಬಾರದಂತೆ ಕಾಯುವುದೇ ಕಷ್ಟದ ಕೆಲಸ. ಆ ಶಿಸ್ತಿಗೆ ಬಾಡಿಗೆ ಕೊಡಬೇಕಾಗಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರ ಕೈಯಿಂದಲೋ ಮಕ್ಕಳ ಕೈಯಿಂದಲೋ ಬರುವ ಹಸಿಮಣ್ಣಿನ ಜೋಡಿ ಎತ್ತುಗಳನ್ನು ಈ ಗಡಿಸೀಮೆಯ ಒಕ್ಕಲು ಮನೆಗಳು ಬಲ್ಲವು. ಅವು ಕೆಲವು ದಿನ ಇದ್ದು, ಬಿರಿದು, ಮಣ್ಣಿಗೆ ಮರಳುತ್ತವೆ. ಮುಂದಿನ ವರ್ಷ ಮತ್ತೆ ಬರುತ್ತವೆ. ನಡುವೆ ಅವು ಕೂತಿದ್ದ ಜಾಗ ಖಾಲಿ ಇರುತ್ತದೆ, ಆ ಖಾಲಿಯನ್ನು ಯಾರೂ ಕೊರತೆ ಎಂದುಕೊಳ್ಳುವುದಿಲ್ಲ. ಈಗ ಊರೂರಲ್ಲಿ ಹೊಸ ಮನೆಗಳು ಏಳುತ್ತಿವೆ. ಟೈಲ್ಸು, ಗ್ರಾನೈಟು, ಬಾಗಿಲ ಕೆತ್ತನೆಗೆ ಗೌಂಡಿಯ ಜೊತೆ ದಿನಗಟ್ಟಲೆ ಚರ್ಚೆ ನಡೆಯುತ್ತದೆ. ಹೊರಗೋಡೆ ಒಂಬತ್ತು ಇಂಚಿನದಾಗಿದ್ದರೆ ಪಡಸಾಲೆಯ ಕಡೆಗೆ ಅರ್ಧ ದಪ್ಪದಷ್ಟು ತಗ್ಗು ಬಿಡಲು ಅವನಿಗೆ ಒಂದು ಮಾತು ಹೇಳಿದರೆ ಸಾಕು. ಕೂತವರ ಕಣ್ಣೆತ್ತರಕ್ಕೆ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರ. ಇಟ್ಟಿಗೆ ಹತ್ತಾರು ಉಳಿಯುತ್ತವೆ. ಅದರಲ್ಲಿ ಏನಿಡಬೇಕೆಂದು ಮನೆಯವರು ನಿಧಾನವಾಗಿ ಯೋಚಿಸಲಿ.